ಹಳಿಯ ಮೇಲೆ ಒಂದು ಹಿಡಿ ಮರಳು

ಕುರುಗೋಡಿನಿಂದ ಹತ್ತನೇ ತರಗತಿಯ ಹುಡುಗನೊಬ್ಬ ಪತ್ರ ಬರೆದಿದ್ದಾನೆ. ಅತ್ತೆಯನ್ನು ರೈಲು ಹತ್ತಿಸಲು ಅಪ್ಪನ ಜತೆ ಬಳ್ಳಾರಿ ನಿಲ್ದಾಣಕ್ಕೆ ಹೋಗಿದ್ದನಂತೆ. ಆಚೆ ಹಳಿಯಲ್ಲಿ ಗೂಡ್ಸ್ ರೈಲಿನ ಇಂಜಿನ್ ನಿಂತಿತ್ತು. ಅದರ ಗಾಲಿಯ ಮುಂದೆ, ಹಳಿಗೆ ನಾಲ್ಕು ಬೆರಳು ಎತ್ತರದಲ್ಲಿ, ಬಾಗಿದ ಒಂದು ಕೊಳವೆ. ಕೊಳವೆಯ ಬಾಯಿಗೆ ಮರಳು ಮೆತ್ತಿಕೊಂಡಿತ್ತು. ‘ಅಪ್ಪಾಜಿ, ಅದೇನು?’ ಎಂದು ಕೇಳಿದ. ‘ಗಾಲಿ ಜಾರಬಾರದು ಅಂತ ಮರಳು ಬಿಡ್ತಾರಪ್ಪ’ ಎಂದರು ಅಪ್ಪ.

ಸರಿಯಾದ ಉತ್ತರವೇ. ಆದರೆ ಹುಡುಗ ಅಷ್ಟಕ್ಕೆ ಬಿಡುವವನಲ್ಲ. ಹೋದ ತಿಂಗಳು ಅವನು ಸೈಕಲ್ಲಿನಿಂದ ಬಿದ್ದು ಮೊಣಕಾಲು ಕೆತ್ತಿಸಿಕೊಂಡಿದ್ದ. ಆಗ ಇದೇ ಅಪ್ಪ, ರಸ್ತೆ ಮೇಲೆ ಮರಳು ಇತ್ತು, ಅದಕ್ಕೇ ಜಾರಿತು ಎಂದಿದ್ದರು. ‘ಸೈಕಲ್ಲಿಗೆ ಜಾರಿಸೋ ಮರಳು ರೈಲಿಗೆ ಹೆಂಗೆ ಹಿಡೀತೈತಿ?’ ಎಂದು ಕೇಳಿದನಂತೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನನಗೂ ಗೊತ್ತಿಲ್ಲ, ಪೇಪರಿನವರಿಗೆ ಬರಿ’ ಎಂದರು. ಗೊತ್ತಿಲ್ಲ ಎಂದು ಮಗನ ಮುಂದೆ ಒಪ್ಪಿಕೊಂಡ ಆ ತಂದೆಗೆ ಮೊದಲು ನನ್ನ ನಮಸ್ಕಾರ. ನಾನಾಗಿದ್ದರೆ ಏನೋ ಒಂದು ಹೇಳಿ ರೈಲಿನ ಕಡೆ ಕೈ ತೋರಿಸುತ್ತಿದ್ದೆ.

ಪ್ರಶ್ನೆಗೆ ಬರೋಣ. ರೈಲಿನ ಗಾಲಿಯೂ ಉಕ್ಕು, ಹಳಿಯೂ ಉಕ್ಕು. ಎರಡೂ ನುಣುಪು. ಈ ನುಣುಪೇ ರೈಲಿನ ಬಂಡವಾಳ. ಕುರುಗೋಡಿನ ಸುತ್ತಲಿನ ಎರೆ ಹೊಲದಲ್ಲಿ ಮಳೆಗಾಲದಲ್ಲಿ ಎತ್ತಿನ ಗಾಡಿ ಹೊಡೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗಾಲಿ ಮಣ್ಣಿನಲ್ಲಿ ಹೂತು, ಮಣ್ಣು ಗಾಲಿಗೆ ಸುತ್ತಿ, ಅರ್ಧ ಚೀಲದ ಭಾರಕ್ಕೂ ಎತ್ತುಗಳು ಮಂಡಿ ಊರುತ್ತವೆ. ಉಕ್ಕಿನ ಹಳಿಯಲ್ಲಿ ಹೂಳುವುದೂ ಇಲ್ಲ, ಸುತ್ತುವುದೂ ಇಲ್ಲ. ಹತ್ತು ಟನ್ನಿಗೂ ಹೆಚ್ಚು ಭಾರ ಹೊತ್ತ ಗಾಲಿ ಹಳಿಯನ್ನು ಮುಟ್ಟುವ ಜಾಗ ಒಂದು ಸಣ್ಣ ನಾಣ್ಯದಷ್ಟು. ಆದ್ದರಿಂದಲೇ ಸಾವಿರಾರು ಟನ್ ಅದಿರು ಇಷ್ಟು ಸಲೀಸಾಗಿ ಉರುಳಿಕೊಂಡು ಹೋಗುತ್ತದೆ.

ಉರುಳಲು ಸಲೀಸಾದದ್ದು ನಿಲ್ಲಲು ಕಷ್ಟ. ಹೊರಡುವಾಗ ಇಂಜಿನ್ನಿನ ಗಾಲಿ ಹಳಿಯನ್ನು ಹಿಡಿದು ತಳ್ಳಬೇಕು, ನಿಲ್ಲುವಾಗ ಹಿಡಿದು ತಡೆಯಬೇಕು. ಹಿಡಿಯುವುದಕ್ಕೆ ಇರುವುದು ಅದೇ ನಾಣ್ಯದಷ್ಟು ಜಾಗ, ಅದೇ ನುಣುಪು. ಒಣ ಹಳಿಯ ಮೇಲೆ ಗಾಲಿಯ ಹಿಡಿತ ಅದರ ಮೇಲಿನ ಭಾರದ ಸುಮಾರು 0.3 ಪಾಲು. ಹಳಿ ಒದ್ದೆಯಾದರೆ 0.15ರ ಆಸುಪಾಸು. ಎಣ್ಣೆ, ಕೊಳೆತ ಎಲೆ, ತುಕ್ಕಿನ ಕೆಸರು ಮೆತ್ತಿದ್ದರೆ 0.1ಕ್ಕೂ ಕೆಳಗೆ. ಜೋರು ಮಳೆಗಿಂತ ತುಂತುರು ಮಳೆ ಹೆಚ್ಚು ಅಪಾಯ ಎನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಜೋರು ಮಳೆ ಹಳಿಯನ್ನು ತೊಳೆಯುತ್ತದೆ. ತುಂತುರು ಮಳೆ ದೂಳು, ತುಕ್ಕು, ಎಣ್ಣೆಯನ್ನೆಲ್ಲ ಕಲಸಿ ಹಳಿಗೆ ಹಚ್ಚಿಟ್ಟು ಹೋಗುತ್ತದೆ.

ಈ ತೊಂದರೆ ಎಲ್ಲರಿಗಿಂತ ಹೆಚ್ಚು ಕಾಡಿದ್ದು ಟ್ರಾಮ್‌ಗಳನ್ನು. ಬೀದಿಯ ನಡುವೆ ಹೂತ ಹಳಿಗಳ ಮೇಲೆ ಓಡುವ ಆ ವಾಹನ ನಮ್ಮ ಮಕ್ಕಳಿಗೆ ಸಿನಿಮಾದಲ್ಲಿ ಮಾತ್ರ ಕಂಡಿರಬಹುದು. ಬಳ್ಳಾರಿ ಸೀಮೆಯ ಅಜ್ಜಂದಿರಿಗೆ ಹಾಗಲ್ಲ. 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಮದ್ರಾಸಿನ ಆಡಳಿತದಲ್ಲಿತ್ತು. ಕೋರ್ಟು, ಕಾಲೇಜು, ಸರ್ಕಾರಿ ಕೆಲಸ, ಎಲ್ಲಕ್ಕೂ ಮದ್ರಾಸು. ಆ ಊರಿನಲ್ಲಿ 1895ರಿಂದಲೇ ವಿದ್ಯುತ್ ಟ್ರಾಮ್ ಓಡುತ್ತಿತ್ತು. ನಟ, ವಕೀಲ ಬಳ್ಳಾರಿ ರಾಘವರು ಅಲ್ಲಿ ಕಾನೂನು ಓದುವಾಗಲೂ ಅದರ ಗಂಟೆಯ ಸದ್ದು ಬೀದಿಯಲ್ಲಿತ್ತು. ವಿಚಿತ್ರವೆಂದರೆ, ಬಳ್ಳಾರಿ ಮೈಸೂರಿಗೆ ಸೇರಿದ ವರ್ಷವೇ, ಏಪ್ರಿಲ್‌ನಲ್ಲಿ, ಮದ್ರಾಸಿನ ಟ್ರಾಮ್ ನಿಂತುಹೋಯಿತು. ಮುಂಬಯಿಯದು 1964ರಲ್ಲಿ ನಿಂತಿತು.

ರೈಲಿಗೆ ಅದರದೇ ದಾರಿ. ಟ್ರಾಮ್‌ಗೆ ಎಲ್ಲರ ದಾರಿಯೂ ಒಂದೇ. ಎಮ್ಮೆ, ಜಟಕಾ, ತರಕಾರಿ ಬುಟ್ಟಿ ಹೊತ್ತವರು, ಚೆಂಡಿನ ಹಿಂದೆ ಓಡುವ ಮಗು. ಬೀದಿಯ ಸಗಣಿ, ಕೆಸರು, ಮೋಟಾರಿನಿಂದ ತೊಟ್ಟಿಕ್ಕಿದ ಎಣ್ಣೆ ಎಲ್ಲವೂ ಹಳಿಯ ಮೇಲೆಯೇ. ಅದರಲ್ಲಿ ಒಂದು ಲೆಕ್ಕ ಹಾಕೋಣ. ಗಂಟೆಗೆ 30 ಕಿಲೊಮೀಟರ್ ವೇಗದ ವಾಹನ, ಚಾಲಕ ಬ್ರೇಕ್ ಹಾಕಿದ ಮೇಲೆ ಎಷ್ಟು ದೂರ ಹೋಗಿ ನಿಲ್ಲುತ್ತದೆ? ಒಣಗಿದ ಡಾಂಬರಿನ ಮೇಲೆ ರಬ್ಬರ್ ಟೈರಿನ ಬಸ್ಸು ಸುಮಾರು 5 ಮೀಟರಿನಲ್ಲಿ ನಿಲ್ಲಬಲ್ಲದು. ಒಣ ಹಳಿಯ ಮೇಲೆ ಟ್ರಾಮ್‌ಗೆ 12 ಮೀಟರ್ ಬೇಕು. ಹಿಡಿತ 0.1ಕ್ಕೆ ಇಳಿದ ಜಿಡ್ಡು ಹಳಿಯ ಮೇಲೆ 35 ಮೀಟರ್. ಚಾಲಕ ಕಂಡು, ಯೋಚಿಸಿ, ಕೈ ಹಾಕುವ ಹೊತ್ತನ್ನು ಇದರಲ್ಲಿ ಸೇರಿಸಿಲ್ಲ. ತೇರಿನ ಗಾಲಿಗೆ ಮರದ ತುಂಡು ಕೊಟ್ಟು ನಿಲ್ಲಿಸಿದ ಹಾಗೆ ಟ್ರಾಮನ್ನು ನಿಲ್ಲಿಸಲು ಬರುವುದಿಲ್ಲ.

ಅದಕ್ಕೇ ಮರಳಿನ ಪೆಟ್ಟಿಗೆ. ಹಳೆಯ ವಿದ್ಯುತ್ ಟ್ರಾಮ್‌ಗಳಲ್ಲಿ ಸೀಟಿನ ಕೆಳಗೋ, ಚಾಲಕ ನಿಲ್ಲುವ ಕಟ್ಟೆಯ ಕೆಳಗೋ ಒಂದು ಪೆಟ್ಟಿಗೆ ಇರುತ್ತಿತ್ತು. ಕೆಳಭಾಗದಲ್ಲಿ ಕವಾಟ, ಕವಾಟದಿಂದ ಒಂದು ಕೊಳವೆ, ಕೊಳವೆಯ ಬಾಯಿ ಗಾಲಿಯ ಮುಂದೆ ಹಳಿಯ ನೆತ್ತಿಗೆ ಗುರಿ. ಚಾಲಕ ಕಾಲಿನಿಂದ ಪೆಡಲ್ ಒತ್ತಿದರೆ ಕವಾಟ ತೆರೆದು ಮರಳು ಸುರಿಯುತ್ತದೆ. ಕಾಲೆತ್ತಿದರೆ ನಿಲ್ಲುತ್ತದೆ. ಒಂದು ಕೈ ವೇಗದ ಹಿಡಿಕೆಯ ಮೇಲೆ, ಇನ್ನೊಂದು ಬ್ರೇಕಿನ ಮೇಲೆ ಇರುವವನಿಗೆ ಮರಳಿಗಾಗಿ ಉಳಿದದ್ದು ಕಾಲು ಒಂದೇ. ಒದ್ದೆ ಹಳಿಗೆ ಸರಿಯಾದ ಮರಳು ಬಿದ್ದರೆ ಹಿಡಿತ ಮತ್ತೆ 0.25ರ ಹತ್ತಿರಕ್ಕೆ ಬರಬಹುದು. ಮೇಲಿನ ಲೆಕ್ಕದ 35 ಮೀಟರ್ ಆಗ 14 ಮೀಟರ್ ಆಗುತ್ತದೆ. ಆ 21 ಮೀಟರಿನೊಳಗೆ ಯಾರ ಮನೆಯ ಮಗು ನಿಂತಿರುತ್ತದೋ.

ಈಗ ಸೈಕಲ್ಲಿನ ಪ್ರಶ್ನೆ. ಮರಳು ಒರಟು, ಅದಕ್ಕೇ ಹಿಡಿಯುತ್ತದೆ ಎಂದು ನಾನೂ ಬಹಳ ಕಾಲ ನಂಬಿದ್ದೆ. ಅದು ಅರ್ಧ ಮಾತ್ರ ನಿಜ. ಮನೆಯಲ್ಲಿ ಕಡಪ ಕಲ್ಲಿನ ನೆಲದ ಮೇಲೆ ಒಂದಿಷ್ಟು ಒಣ ಮರಳು ಉದುರಿಸಿ, ಗೋಡೆ ಹಿಡಿದುಕೊಂಡು, ಚಪ್ಪಲಿ ಕಾಲಿನಿಂದ ಮೆಲ್ಲಗೆ ತಳ್ಳಿ ನೋಡಿ. ಸರ್ರನೆ ಜಾರುತ್ತದೆ. (ಆಮೇಲೆ ಗುಡಿಸುವ ಕೆಲಸವೂ ನಿಮ್ಮದೇ, ಅಮ್ಮನದಲ್ಲ.) ಚಪ್ಪಲಿಗೂ ಕಲ್ಲಿಗೂ ನಡುವೆ ಸಿಕ್ಕ ಮರಳಿನ ಕಾಳುಗಳು ಸಣ್ಣ ಗುಂಡುಗಳ ಹಾಗೆ ಉರುಳುತ್ತವೆ. ನಿಮ್ಮ ಭಾರಕ್ಕೆ ಅವು ಒಡೆಯುವುದಿಲ್ಲ. ಸೈಕಲ್ಲಿನ ಟೈರಿನ ಕೆಳಗೂ ಇದೇ ಕತೆ.

ರೈಲಿನ ಗಾಲಿಯ ಕೆಳಗೆ ಬೇರೆಯದೇ ನಡೆಯುತ್ತದೆ. ಹತ್ತು ಟನ್ ಭಾರ ಒಂದು ಸಣ್ಣ ನಾಣ್ಯದಷ್ಟು ಜಾಗದ ಮೇಲೆ. ಆ ಒತ್ತಡಕ್ಕೆ ಮರಳಿನ ಕಾಳು ಉರುಳಲು ಅವಕಾಶವೇ ಇಲ್ಲ, ಪುಡಿಪುಡಿಯಾಗುತ್ತದೆ. ಮರಳಿನಲ್ಲಿರುವ ಬೆಣಚು ಕಲ್ಲು ಹಳಿಯ ಉಕ್ಕಿಗಿಂತಲೂ ಗಟ್ಟಿ. ಒಡೆದ ಚೂರುಗಳ ಚೂಪು ಅಂಚುಗಳು ಮೇಲೆ ಗಾಲಿಗೆ, ಕೆಳಗೆ ಹಳಿಗೆ ಕಚ್ಚಿಕೊಳ್ಳುತ್ತವೆ. ಜತೆಗೆ ಹಳಿಯ ಮೇಲಿನ ಜಿಡ್ಡಿನ ಪದರವನ್ನು ಹರಿದು ಆಚೆ ತಳ್ಳುತ್ತವೆ. ಟ್ರಾಮ್ ರೈಲಿಗಿಂತ ಹಗುರ, ಆದರೂ ಅದರ ಗಾಲಿಯ ಮೇಲೆ ಟನ್ನುಗಟ್ಟಲೆ ಭಾರ, ಮುಟ್ಟುವ ಜಾಗ ಅಷ್ಟೇ ಸಣ್ಣದು. ಅಂದರೆ ಹಿಡಿತ ಹುಟ್ಟುವುದು ಮರಳಿನಿಂದ ಮಾತ್ರವಲ್ಲ, ಮರಳನ್ನು ಅರೆಯುವ ಭಾರದಿಂದ. ಹುಡುಗನ ಅಪ್ಪ ಎರಡು ಸಲ ಹೇಳಿದ್ದೂ ಸರಿ. ಹಳಿ ಒಣಗಿ ಚೊಕ್ಕಟವಾಗಿದ್ದಾಗ ಮರಳಿನಿಂದ ರೈಲಿಗೂ ಅಂಥ ಲಾಭವಿಲ್ಲ.

ಎಲ್ಲ ಮರಳೂ ಆಗುವುದಿಲ್ಲ. ಜೇಡಿ ಬೆರೆತದ್ದು ಬೇಡ, ಅದು ನೀರು ಸೇರಿದರೆ ಇನ್ನಷ್ಟು ಜಾರಿಸುತ್ತದೆ. ಕಾಳು ತೀರ ದಪ್ಪವಾದರೆ ಹಳಿಯಿಂದ ಪುಟಿದು ಬೀಳುತ್ತದೆ, ತೀರ ಸಣ್ಣದಾದರೆ ಗಾಳಿಗೆ ಹಾರಿಹೋಗುತ್ತದೆ. ಎಲ್ಲಕ್ಕಿಂತ ಮುಖ್ಯ, ಅದು ಒಣಗಿರಬೇಕು. ತೇವದ ಮರಳು ಕೊಳವೆಯಲ್ಲಿ ಗಟ್ಟಿ ಕೂತುಬಿಡುತ್ತದೆ. ಆದ್ದರಿಂದ ಟ್ರಾಮ್ ಡಿಪೋಗಳಲ್ಲಿ, ರೈಲ್ವೆ ಶೆಡ್‌ಗಳಲ್ಲಿ ಮರಳನ್ನು ಜರಡಿ ಹಿಡಿದು ಒಲೆಯ ಶಾಖದಲ್ಲಿ ಒಣಗಿಸುವುದೇ ಒಂದು ಪ್ರತ್ಯೇಕ ಕೆಲಸವಾಗಿತ್ತು. ಎಷ್ಟು ಸುರಿಯಬೇಕು ಎನ್ನುವುದಕ್ಕೂ ಮಿತಿಯಿದೆ. ಟ್ರಾಮ್‌ಗೆ ಮೇಲಿನ ತಂತಿಯಿಂದ ಬರುವ ವಿದ್ಯುತ್ತು ಗಾಲಿಯ ಮೂಲಕ ಹಳಿಗಿಳಿದು ಹಿಂದಿರುಗುತ್ತದೆ. ಗಾಬರಿಯಲ್ಲಿ ಚಾಲಕ ಮರಳು ಹೆಚ್ಚು ಸುರಿದು ಗಾಲಿಗಳೆಲ್ಲ ಅದರ ಮೇಲೆ ನಿಂತರೆ? ಮರಳು ವಿದ್ಯುತ್ತನ್ನು ಹರಿಯಬಿಡುವುದಿಲ್ಲ. ಟ್ರಾಮ್ ಅಲ್ಲೇ ಅಲ್ಲಾಡದೆ ನಿಂತುಬಿಡುತ್ತದೆ.

ಉಗಿಬಂಡಿಗಳ ಕಾಲದಲ್ಲಿ ತೊಂದರೆ ಕೊಟ್ಟದ್ದು ಗಾಳಿ. ತನ್ನಷ್ಟಕ್ಕೆ ಬೀಳುವ ಮರಳು ಹಳಿ ತಲುಪುವ ಮುನ್ನವೇ ಪಕ್ಕಕ್ಕೆ ಹಾರುತ್ತಿತ್ತು. 1886ರಲ್ಲಿ ಇಂಗ್ಲೆಂಡಿನ ಡರ್ಬಿ ಕಾರ್ಖಾನೆಯ ಹೋಲ್ಟ್ ಎಂಬಾತ ಉಗಿಯ ಜೋರಿನಿಂದ ಮರಳನ್ನು ನೇರ ಗಾಲಿಯ ಬುಡಕ್ಕೇ ಊದುವ ಏರ್ಪಾಡು ಮಾಡಿದ. ಇಂದಿನ ಇಂಜಿನ್ನುಗಳಲ್ಲಿ ಆ ಕೆಲಸ ಒತ್ತಡದ ಗಾಳಿಯದು. ಗಾಲಿ ಜಾರುವ ಸೂಚನೆ ಕಂಡೊಡನೆ ಯಂತ್ರವೇ ಮರಳು ಬಿಡುವ ಇಂಜಿನ್ನುಗಳೂ ಬಂದಿವೆ.

ಟ್ರಾಮ್ ಹೋಯಿತು, ಮರಳು ಉಳಿಯಿತು. ನಮ್ಮ ಸೀಮೆಗೆ ಅದರ ಅಗತ್ಯ ಎಷ್ಟೆಂದು ತಿಳಿಯಲು ಉತ್ತರ ಕನ್ನಡದ ಕ್ಯಾಸಲ್‌ರಾಕ್‌ನಿಂದ ಗೋವಾದ ಕುಳೆಂಗೆ ಇಳಿಯುವ ಘಟ್ಟವನ್ನು ನೋಡಬೇಕು. ದೂಧಸಾಗರ ಜಲಪಾತದ ಹನಿ ಸಿಡಿಯುವ ದಾರಿ. ಹೊಸಪೇಟೆ, ಬಳ್ಳಾರಿ ಕಡೆಯ ಅದಿರು ಮೊರ್ಮುಗೋವಾ ಬಂದರಿಗೆ ಇಳಿದದ್ದು ಇಲ್ಲೇ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಬಂದರಿನಿಂದ ಕಲ್ಲಿದ್ದಲು ಹತ್ತಿ ಬಂದದ್ದೂ ಇಲ್ಲೇ. ಏರು 37ಕ್ಕೆ 1. ಅಂದರೆ 37 ಮೀಟರ್ ಹೋದರೆ 1 ಮೀಟರ್ ಎತ್ತರ. ರಸ್ತೆಗೆ ಅದು ಲೆಕ್ಕಕ್ಕಿಲ್ಲ, ರೈಲಿಗೆ ಗೋಡೆ.

ಪೆನ್ಸಿಲ್ ತೆಗೆದುಕೊಳ್ಳಿ. ಈ ಏರಿನಲ್ಲಿ ಗಾಡಿ ಹಿಂದಕ್ಕೆ ಜಾರದಿರಲು ಪ್ರತಿ 37 ಟನ್ನಿಗೆ 1 ಟನ್ ಎಳೆತ ಬೇಕು. ಕಲ್ಲಿದ್ದಲು ತುಂಬಿದ 58 ವ್ಯಾಗನ್, ಒಂದೊಂದು 81 ಟನ್, ಒಟ್ಟು ಸುಮಾರು 4,700 ಟನ್. ಬೇಕಾದ ಎಳೆತ 127 ಟನ್. ಡಬ್ಲ್ಯುಡಿಜಿ-4 ಎಂಬ ಗೂಡ್ಸ್ ಇಂಜಿನ್ನಿನ ತೂಕ 126 ಟನ್. 0.3ರ ಹಿಡಿತದಲ್ಲಿ ಅದು ಎಳೆಯಬಲ್ಲದ್ದು 38 ಟನ್, ಹಾಗಾಗಿ ನಾಲ್ಕು ಇಂಜಿನ್ ಸಾಕು. ಹಳಿ ಒದ್ದೆಯಾಗಿ ಹಿಡಿತ 0.15ಕ್ಕೆ ಇಳಿದರೆ ಎಳೆತ 19 ಟನ್. ಆಗ ಏಳು ಇಂಜಿನ್ ಬೇಕು. ಇಂಜಿನ್ನುಗಳು ತಮ್ಮ ಭಾರವನ್ನೂ ಹತ್ತಿಸಬೇಕಲ್ಲ, ಅದನ್ನು ಸೇರಿಸಿದರೆ ಏಳೂ ಸಾಲದು. ಆ ಭಾಗವನ್ನು ನೀವೇ ಮಾಡಿ ನೋಡಿ. ಘಟ್ಟದಲ್ಲಿ ಹಿಂದಿನಿಂದ ತಳ್ಳಲು ಹೆಚ್ಚುವರಿ ಇಂಜಿನ್ ಏಕೆ ಕಟ್ಟುತ್ತಾರೆ, ಮಳೆಗಾಲದಲ್ಲಿ ಪೆಟ್ಟಿಗೆಯ ಮರಳು ಏಕೆ ಬೇಗ ಖಾಲಿಯಾಗುತ್ತದೆ ಎನ್ನುವುದು ಆಗ ತಾನಾಗಿ ತಿಳಿಯುತ್ತದೆ. ಇಳಿಯುವಾಗ ಇನ್ನೊಂದು ಭಯ. ಬ್ರೇಕ್ ಬಿಗಿದ ಗಾಲಿ ತಿರುಗುವುದನ್ನು ನಿಲ್ಲಿಸಿ ಹಳಿಯ ಮೇಲೆ ಜಾರತೊಡಗಿದರೆ ಅದರ ಒಂದು ಕಡೆ ಸವೆದು ಚಪ್ಪಟೆಯಾಗುತ್ತದೆ. ರೈಲಿನಲ್ಲಿ ಕೂತಾಗ ಒಂದು ಗಾಲಿಯಿಂದ ಮಾತ್ರ ಟಕ್ ಟಕ್ ಎಂದು ಸುತ್ತಿಗೆಯ ಏಟಿನ ಹಾಗೆ ಸದ್ದು ಬಂದರೆ ಕಾರಣ ಬಹುಮಟ್ಟಿಗೆ ಇದೇ.

ಕೊಳವೆಯ ಬಾಯಿಗೆ ಮೆತ್ತಿದ ಮರಳಿನ ಬಗ್ಗೆ ಹುಡುಗ ಬರೆದದ್ದನ್ನು ಓದುವಾಗ ನನಗೆ ನೆನಪಾದದ್ದು ದೂರದ ಒಂದು ಊರು. 2024ರ ಅಕ್ಟೋಬರ್ 21ರ ಸಂಜೆ ಬ್ರಿಟನ್ನಿನ ವೇಲ್ಸ್‌ನ ಟಲರ್ಡಿಗ್ ಬಳಿ ಒಂಟಿ ಹಳಿಯ ದಾರಿಯಲ್ಲಿ ಎರಡು ಪ್ರಯಾಣಿಕರ ರೈಲುಗಳು ಎದುರುಬದುರಾಗಿ ಡಿಕ್ಕಿ ಹೊಡೆದವು. ಅಲ್ಲಿ ಅದು ಎಲೆ ಉದುರುವ ಕಾಲ. ನಿಲ್ಲಬೇಕಾದ ರೈಲಿಗೆ ಬ್ರೇಕ್ ಹಾಕಿದರೂ ಅದು ಜಾರಿಕೊಂಡು ಮುಂದೆ ಹೋಯಿತು. ಒಬ್ಬ ಪ್ರಯಾಣಿಕರು ಸತ್ತರು, ಹಲವರು ಗಾಯಗೊಂಡರು. ತನಿಖೆಯವರು ಆ ರೈಲಿನ ಮುಂದಿನ ಬೋಗಿಯ ಮರಳಿನ ಕೊಳವೆಗಳನ್ನು ಪರೀಕ್ಷಿಸಿದಾಗ ಅವು ಕಟ್ಟಿಕೊಂಡಿದ್ದವು. ಮರಳು ಬಿಡುವ ಯಂತ್ರವಿತ್ತು, ಮರಳು ಹಳಿಗೆ ಬೀಳುವ ದಾರಿ ಇರಲಿಲ್ಲ. ಒಂದು ಅಪಘಾತಕ್ಕೆ ಕಾರಣ ಒಂದೇ ಇರುವುದು ಅಪರೂಪ. ಆದರೂ ಆ ಕೊಳವೆಗಳ ಮಾತು ಮನಸ್ಸಿನಿಂದ ಹೋಗುವುದಿಲ್ಲ.

ನಮ್ಮಲ್ಲೂ ಹೊರಡುವ ಮುಂಚೆ ಮರಳು ಬೀಳುತ್ತದೋ ಇಲ್ಲವೋ ನೋಡುವುದು ಇಂಜಿನ್ ಸಿಬ್ಬಂದಿಯ ಕೆಲಸಗಳಲ್ಲಿ ಒಂದು. ಹುಡುಗ ಕಂಡದ್ದು ಬಾಯಿಯ ಅಂಚಿಗೆ ಅಂಟಿದ ಮರಳು ಇರಬೇಕು, ಅದು ಕೊಳವೆ ಕೆಲಸ ಮಾಡಿದ ಗುರುತು. ಅವನ ಪತ್ರದಲ್ಲಿ ಇನ್ನೊಂದು ಸಾಲಿದೆ: ಕೊಳವೆ ಗಾಲಿಯ ಮುಂದೆಯೂ ಇತ್ತು, ಇನ್ನೊಂದು ತುದಿಯ ಗಾಲಿಯ ಹಿಂದೆಯೂ ಇತ್ತು, ಹಿಂದೆ ಬೀಳುವ ಮರಳಿನಿಂದ ಏನುಪಯೋಗ? ಇಂಜಿನ್ ಎರಡೂ ದಿಕ್ಕಿಗೆ ಓಡುತ್ತದೆ. ಹೊಸಪೇಟೆ ಕಡೆ ಹೊರಟಾಗ ಹಿಂದಿನದೆನಿಸಿದ ಕೊಳವೆ ಗುಂತಕಲ್ ಕಡೆ ತಿರುಗಿ ಓಡುವಾಗ ಮುಂದಿನದು. ಓಡುವ ದಿಕ್ಕಿಗೆ ತಕ್ಕ ಕೊಳವೆಯಿಂದ ಮಾತ್ರ ಮರಳು ಬೀಳುತ್ತದೆ. ಮುಂದಿನ ಸಲ ಹೋದಾಗಲೂ ಹಳಿಗೆ ಇಳಿಯಬೇಡ, ಪ್ಲಾಟ್‌ಫಾರಂ ಮೇಲೆ ನಿಂತೇ ನೋಡು. ಎಷ್ಟು ಗಾಲಿಗೆ ಕೊಳವೆ ಇದೆ ಎಂದು ಎಣಿಸಿ ಅಪ್ಪಾಜಿಗೆ ಹೇಳು.