ಗರ್ಭದ ಹಾರ್ಮೋನು, ತಾಯಿಯ ತಲೆಗೆ

ಅಮೆರಿಕದ ಅಧ್ಯಕ್ಷರು 2025ರ ಸೆಪ್ಟೆಂಬರ್‌ನಲ್ಲಿ ಬಸುರಿಯರು ನುಂಗುವ ಪ್ಯಾರಾಸಿಟಮಾಲ್ ಮೇಲೆ ಹೊರಿಸಿದ ಆಟಿಸಂನ ಆರೋಪ ಈಗ ವೇಷ ಬದಲಿಸಿ ಕಾರವಾರ, ಅಂಕೋಲೆಯ ಮೊಬೈಲುಗಳಿಗೆ ವಿಡಿಯೊ ಆಗಿ ಬಂದಿದೆ. ಈ ಸಲದ ಅಪರಾಧಿ ಹಾರ್ಮೋನು. ತಾಯಿಗೆ ಪಿಸಿಓಡಿ ಎಂಬ ಹಾರ್ಮೋನು ಏರುಪೇರು ಇತ್ತು, ಬಸುರಿಯಾಗಿದ್ದಾಗ ಹಾರ್ಮೋನು ಮಾತ್ರೆ ನುಂಗಿದಳು, ಅದಕ್ಕೇ ಮಗುವಿಗೆ ಆಟಿಸಂ ಎಂಬ ತೀರ್ಪು. ಇದು ವಿಜ್ಞಾನವಲ್ಲ. ಕೇಂಬ್ರಿಜ್‌ನ ಆಟಿಸಂ ಸಂಶೋಧಕ ಸೈಮನ್ ಬ್ಯಾರನ್-ಕೊಹೆನ್ ಅವರ ತಂಡ, 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಡೆನ್ಮಾರ್ಕ್‌ನಲ್ಲಿ ಕಾಪಿಟ್ಟಿದ್ದ ಗರ್ಭಜಲವನ್ನು ಪರೀಕ್ಷಿಸಿತು. ಮುಂದೆ ಆಟಿಸಂ ಗುರುತಿಸಲಾದ 128 ಗಂಡುಮಕ್ಕಳ ಮಾದರಿಗಳಲ್ಲಿ ಟೆಸ್ಟೋಸ್ಟಿರಾನ್ ಮುಂತಾದ ಸ್ಟಿರಾಯ್ಡ್‌ಗಳು ಸರಾಸರಿಯಲ್ಲಿ ಹೆಚ್ಚಿದ್ದವು. ಆದರೆ ಗರ್ಭಜಲದ ಟೆಸ್ಟೋಸ್ಟಿರಾನ್ ಬಹುಪಾಲು ಭ್ರೂಣದ ದೇಹದಲ್ಲೇ ಹುಟ್ಟುವಂಥದ್ದು, ತಾಯಿ ನುಂಗಿದ್ದಲ್ಲ. ಮೇಲಾಗಿ, ಸರಾಸರಿಯ ವ್ಯತ್ಯಾಸ ಹಿಡಿದು ಯಾವ ಒಂದು ಮಗುವಿನ ಭವಿಷ್ಯವನ್ನೂ ಹೇಳಲಾಗದು.

ಪಿಸಿಓಡಿಯ ತಾಯಂದಿರ ಮಕ್ಕಳಲ್ಲಿ ಆಟಿಸಂ ಸಂಭವ ಶೇ 59ರಷ್ಟು ಹೆಚ್ಚೆಂದು ಸ್ವೀಡನ್ನಿನ 2016ರ ಅಧ್ಯಯನ ಹೇಳಿಲ್ಲವೇ ಎನ್ನಬಹುದು. ಹೇಳಿದೆ. ಸಾವಿರಕ್ಕೆ 10 ಇದ್ದರೆ ಅದು 16ರ ಆಸುಪಾಸು ಆಗುತ್ತದೆಂದು ಅದರರ್ಥ. ಉಳಿದ 984 ಮಕ್ಕಳನ್ನು ಯಾರೂ ಎಣಿಸುವುದಿಲ್ಲ. ಪಿಸಿಓಡಿಯನ್ನು ಯಾವ ಹೆಣ್ಣೂ ಬೇಕೆಂದು ತಂದುಕೊಳ್ಳುವುದೂ ಇಲ್ಲ. ಹಾಗಾದರೂ ಎಚ್ಚರಿಸುವುದು ಒಳ್ಳೆಯದಲ್ಲವೇ ಎಂಬ ಮಾತು ಇನ್ನೂ ಅಪಾಯದ್ದು: ಗರ್ಭ ನಿಲ್ಲಲೆಂದು ವೈದ್ಯರು ಕೊಟ್ಟ ಮಾತ್ರೆಯನ್ನು ಹೆದರಿ ಬಿಟ್ಟವಳ ನಷ್ಟಕ್ಕೆ ಈ ವಿಡಿಯೊ ಹಂಚಿದವರು ಹೊಣೆಯಾಗುತ್ತಾರೆಯೇ? ಪ್ಯಾರಾಸಿಟಮಾಲ್ ವಿಷಯದಲ್ಲಂತೂ, ಸುಮಾರು 25 ಲಕ್ಷ ಸ್ವೀಡಿಷ್ ಮಕ್ಕಳ 2024ರ ಅಧ್ಯಯನದಲ್ಲಿ ಒಡಹುಟ್ಟಿದವರನ್ನೇ ಹೋಲಿಸಿದಾಗ ನಂಟು ಮಾಯವಾಯಿತು. ತಾಯಿಯ ಪ್ರೀತಿ ತಣ್ಣಗಿದ್ದರೆ ಆಟಿಸಂ ಬರುತ್ತದೆಂದು 1967ರಲ್ಲಿ ಮನೋವಿಜ್ಞಾನಿ ಬೆಟಲ್‌ಹೈಮ್ ಬರೆದದ್ದನ್ನು ವಿಜ್ಞಾನ ಕಸದ ಬುಟ್ಟಿಗೆ ಹಾಕಿ ದಶಕಗಳಾದವು. ದೂರು ಮಾತ್ರ ಹೊಸ ಬಟ್ಟೆ ತೊಟ್ಟು ಅದೇ ಹೆಣ್ಣಿನ ಮನೆ ಬಾಗಿಲಿಗೆ ಬರುತ್ತಿದೆ.

ಕಾರಣ ಹುಡುಕುವುದು ಸಂಶೋಧಕರ ಕೆಲಸ, ಅದು ನಡೆಯಲಿ. ನಮ್ಮ ಪಕ್ಕದ ರಾಜ್ಯದ ಉತ್ತರ ಗೋವಾವೂ ಸೇರಿ ದೇಶದ ಐದು ಕಡೆ ನಡೆದು 2018ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ನೂರಕ್ಕೆ ಸುಮಾರು ಒಂದು ಮಗುವಿಗೆ ಆಟಿಸಂ ಕಂಡುಬಂತು. ಆ ಮಗುವಿಗೆ ಬೇಕಿರುವುದು ಬೇಗ ಗುರುತಿಸುವವರು, ಮಾತಿನ ತರಬೇತಿ ಕೊಡುವವರು. 2013ರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ತಪಾಸಣಾ ತಂಡ ಪ್ರತಿ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬರಬೇಕು. ಒಳ್ಳೆಯ ಆಸ್ಪತ್ರೆಗಾಗಿ 2022ರಲ್ಲಿ ದನಿಯೆತ್ತಿದ ಜಿಲ್ಲೆ ನಮ್ಮ ಉತ್ತರ ಕನ್ನಡ. ತಪಾಸಣಾ ತಂಡ ನಮ್ಮೂರ ಅಂಗನವಾಡಿಗೆ ಕೊನೆಯ ಸಲ ಬಂದದ್ದು ಯಾವಾಗ ಎಂದು ಅದೇ ದನಿಯಲ್ಲಿ ಈಗಲೂ ಕೇಳಬಹುದು. ಕೇಳುವವರು ಕಡಿಮೆ, ಏಕೆಂದರೆ ಅಧಿಕಾರಿ ಎದುರುತ್ತರ ಕೊಡುತ್ತಾನೆ, ಮನೆಯ ಸೊಸೆ ಕೊಡುವುದಿಲ್ಲ.