ಹೊರೆ ಹಂಚಿಕೊಂಡ ರಂಜಕ

ರಂಜಕ ಎಂದೊಡನೆ ನೆನಪಾಗುವುದು ಬೆಂಕಿಪೊಟ್ಟಣದ ಬದಿಯ ಗೀರುಪಟ್ಟಿ, ಇಲ್ಲವೇ ಕೋಲಾ ಪಾನೀಯಕ್ಕೆ ಹುಳಿ ಕೊಡುವ ಫಾಸ್ಫಾರಿಕ್ ಆಮ್ಲ. ಇಂಥ ಆಮ್ಲದ ಮನೆತನದಲ್ಲಿ ಮಹಾ ಪ್ರಬಲ ಪ್ರತ್ಯಾಮ್ಲವೊಂದು ಹುಟ್ಟೀತೆಂದರೆ ಯಾರು ನಂಬುತ್ತಾರೆ? ಜರ್ಮನಿಯ ಫ್ರೈಬುರ್ಗ್‌ನಲ್ಲಿ ರೈನ್‌ಹಾರ್ಡ್ ಶ್ವೆಸಿಂಗರ್ 1980ರ ದಶಕದಲ್ಲಿ ಅದನ್ನು ಮಾಡಿ ತೋರಿಸಿದರು. ಆ ಸಂಯುಕ್ತಗಳ ಹೆಸರು ಫಾಸ್ಫಜೀನ್.

ಪ್ರತ್ಯಾಮ್ಲದ ಕೆಲಸ ಬೇರೆ ಅಣುವಿನಿಂದ ಪ್ರೋಟಾನನ್ನು ಕಿತ್ತುಕೊಳ್ಳುವುದು. ಕಷ್ಟವಿರುವುದು ಕಿತ್ತದ್ದನ್ನು ಇಟ್ಟುಕೊಳ್ಳುವುದರಲ್ಲಿ. ಪ್ರೋಟಾನಿನ ಜತೆಗೆ ಧನ ವಿದ್ಯುದಾವೇಶವೂ ಬರುತ್ತದೆ. ಅದನ್ನು ಒಂದೇ ಪರಮಾಣು ಹೊರಬೇಕಾದರೆ ಹಿಡಿತ ಸಡಿಲವಾಗುತ್ತದೆ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎನ್ನುತ್ತಾರಲ್ಲ, ಫಾಸ್ಫಜೀನ್ ಆ ತಲೆಹೊರೆಯನ್ನು ಮತ್ತೆ ಕಡ್ಡಿಕಡ್ಡಿಯಾಗಿ ಹಂಚುತ್ತದೆ. ಪಿ-4 ಎಂಬ ಅಣುವಿನಲ್ಲಿ ನಾಲ್ಕು ರಂಜಕಗಳ ಸುತ್ತ ಹದಿಮೂರು ಸಾರಜನಕ ಪರಮಾಣುಗಳಿವೆ. ಪ್ರೋಟಾನ್ ಕೂರುವುದು ಒಂದು ಸಾರಜನಕದ ಮೇಲೆ. ಆದರೆ ಉಳಿದ ಸಾರಜನಕಗಳೆಲ್ಲ ತಮ್ಮ ಎಲೆಕ್ಟ್ರಾನ್ ಜೋಡಿಗಳನ್ನು ರಂಜಕದತ್ತ ಚಾಚಿ ಆವೇಶದಲ್ಲಿ ಪಾಲು ಪಡೆಯುತ್ತವೆ. ಫಾಸ್ಫಾರಿಕ್ ಆಮ್ಲದಲ್ಲಿ ರಂಜಕವನ್ನು ಸುತ್ತುವರಿದಿರುವುದು ಆಮ್ಲಜನಕ. ಎಲೆಕ್ಟ್ರಾನ್ ವಿಷಯದಲ್ಲಿ ಅದು ಜಿಪುಣ. ನೆರೆಹೊರೆ ಬದಲಾದರೆ ರಂಜಕದ ಗುಣವೂ ಬದಲು!

ಬಲವೆಷ್ಟು? ಅಸಿಟೋನೈಟ್ರೈಲ್ ದ್ರಾವಕದ ಅಳತೆಗೋಲಿನಲ್ಲಿ, ಪ್ರಯೋಗಾಲಯಗಳಲ್ಲಿ ದಿನನಿತ್ಯ ಬಳಸುವ ಟ್ರೈಈಥೈಲ್ ಅಮೀನ್‌ನದು ಸುಮಾರು 19. ಒಂದೇ ರಂಜಕದ ಫಾಸ್ಫಜೀನ್ 27ರ ಹತ್ತಿರ, ನಾಲ್ಕು ರಂಜಕದ ಪಿ-4 ಸುಮಾರು 42.7. ಇಲ್ಲಿ ಒಂದೊಂದು ಮೆಟ್ಟಿಲೂ ಹತ್ತು ಪಟ್ಟು. ಅಂದರೆ ಒಂದರ ಮುಂದೆ ಇಪ್ಪತ್ತಮೂರಕ್ಕೂ ಹೆಚ್ಚು ಸೊನ್ನೆಗಳ ಅಂತರ. ನೀರಿನಲ್ಲಿ ಇದನ್ನು ಅಳೆಯುವಂತಿಲ್ಲ, ನೀರಿನ ಪ್ರೋಟಾನನ್ನೇ ಅದು ಕಿತ್ತುಬಿಡುತ್ತದೆ.

ಅಮೆರಿಕದ ಅಯೋವಾದಲ್ಲಿ ಜಾನ್ ವರ್ಕಾಡೆ 1989ರಲ್ಲಿ ಪ್ರಕಟಿಸಿದ ಅಣುವಿನ ಉಪಾಯ ಬೇರೆ. ಅದೊಂದು ಪಂಜರ. ಪ್ರೋಟಾನ್ ನೇರವಾಗಿ ರಂಜಕದ ಮೇಲೆಯೇ ಕೂರುತ್ತದೆ. ಕೂತೊಡನೆ ಪಂಜರದ ಆಚೆ ತುದಿಯ ಸಾರಜನಕ ಒಳಗಿನಿಂದಲೇ ರಂಜಕಕ್ಕೆ ಆಸರೆ ಕೊಡುತ್ತದೆ.

ಇಷ್ಟೆಲ್ಲ ಪಾಡೇಕೆ? ಲಿಥಿಯಂನಂಥ ಲೋಹವಿರುವ ಪ್ರಬಲ ಪ್ರತ್ಯಾಮ್ಲಗಳು ಪ್ರೋಟಾನ್ ತೆಗೆಯುವ ಭರದಲ್ಲಿ ಎಷ್ಟೋ ಸಲ ಅಣುವಿನ ಬೇರೆ ಭಾಗಕ್ಕೂ ಬಾಯಿ ಹಾಕುತ್ತವೆ. ಔಷಧಿ ತಯಾರಿಸುವವರಿಗೆ ಅದರಿಂದ ಸರಕೇ ಹಾಳು. ಪಿ-4ರಲ್ಲಿ ಲೋಹವಿಲ್ಲ, ಮೈಯೂ ದಪ್ಪ. ಪುಟ್ಟ ಪ್ರೋಟಾನನ್ನು ಹಿಡಿಯಬಲ್ಲದು, ಇಂಗಾಲದ ಬಳಿ ನುಸುಳಲಾರದು. ಸಿಲಿಕೋನ್ ತಯಾರಿಕೆಯಲ್ಲಿ ಉಂಗುರಗಳನ್ನು ಬಿಡಿಸಿ ಉದ್ದನೆಯ ಸರಪಣಿಯಾಗಿಸಲೂ ಇದರ ಚಿಟಿಕೆ ಸಾಕು. ಆದರೆ ಗಾಳಿಯ ತೇವ ತಗುಲಿದರೆ ಅಲ್ಲಿಂದಲೇ ಪ್ರೋಟಾನ್ ಪಡೆದು ತಣ್ಣಗಾಗಿಬಿಡುತ್ತದೆ. ಅದಕ್ಕೇ ಶೀಶೆ ತೆರೆಯುವುದು ಒಣ ಸಾರಜನಕದ ನಡುವೆ.