ಸ್ವಾತಿ ಹೇಳುವ ಅಕ್ಷಾಂಶ

ಅಟ್ಲಾಸ್ ತೆರೆದರೆ ಬೀದರ್ ನಗರ ಸುಮಾರು 17 ಡಿಗ್ರಿ 55 ಮಿನಿಟು ಉತ್ತರ ಅಕ್ಷಾಂಶದಲ್ಲಿದೆ. ಭಾಲ್ಕಿ 18 ಡಿಗ್ರಿ 2 ಮಿನಿಟು, ಔರಾದ್ 18 ಡಿಗ್ರಿ 15 ಮಿನಿಟು. ಪರೀಕ್ಷೆಗೆ ಇಷ್ಟು ಸಾಕು. ಆದರೆ ನೆಲದ ಮೇಲೆ ಅಕ್ಷಾಂಶದ ಗೆರೆಯನ್ನು ಯಾರೂ ಎಳೆದಿಟ್ಟಿಲ್ಲ. ಹಾಗಾದರೆ ಈ ಅಂಕಿಗಳು ಬಂದದ್ದು ಎಲ್ಲಿಂದ? ಆಕಾಶದಿಂದ.

ಧ್ರುವ ನಕ್ಷತ್ರ ದಿಗಂತದಿಂದ ಎಷ್ಟು ಡಿಗ್ರಿ ಎತ್ತರದಲ್ಲಿದೆಯೋ ಅದೇ ಆ ಊರಿನ ಅಕ್ಷಾಂಶ ಎಂದು ಪಾಠದಲ್ಲಿ ಓದುತ್ತೇವೆ. ಮಾತು ನಿಜ, ಆದರೆ ಪೂರ್ತಿ ನಿಜವಲ್ಲ. ಆ ನಕ್ಷತ್ರ ಸರಿಯಾಗಿ ಧ್ರುವದಲ್ಲಿಲ್ಲ. ಅಲ್ಲಿಂದ ಅರ್ಧ ಡಿಗ್ರಿಗೂ ಹೆಚ್ಚು ದೂರದಲ್ಲಿದ್ದು ದಿನಕ್ಕೊಂದು ಸುತ್ತು ಹಾಕುತ್ತದೆ. ಬೀದರ್ ಮತ್ತು ಔರಾದ್‌ಗಳ ನಡುವಿನ ವ್ಯತ್ಯಾಸವೇ ಕೇವಲ 20 ಮಿನಿಟು! ಅಂದರೆ ಸುಮಾರು 37 ಕಿಲೋಮೀಟರು. ಜೊತೆಗೆ, ಗಾಳಿಯಲ್ಲಿ ಬೆಳಕು ಬಾಗುವುದರಿಂದ ಅಷ್ಟು ತಗ್ಗಿನಲ್ಲಿರುವ ನಕ್ಷತ್ರ ಸುಮಾರು 3 ಮಿನಿಟು ಮೇಲಕ್ಕೆ ಕಾಣುತ್ತದೆ. ಎರಡನ್ನೂ ಪಂಚಾಂಗದ ಕೋಷ್ಟಕ ನೋಡಿ ತಿದ್ದಬೇಕು.

ಇದಕ್ಕಿಂತ ಸುಲಭವಾದ ಸಾಕ್ಷಿ ಬೀದರ್ ಜಿಲ್ಲೆಯ ನೆತ್ತಿಯ ಮೇಲೇ ಇದೆ. ಅದು ಸ್ವಾತಿ ನಕ್ಷತ್ರ. ಖಗೋಳದ ವಿಷುವದ್ವೃತ್ತದಿಂದ ಅದು ಈಗ ಸುಮಾರು 19 ಡಿಗ್ರಿ 3 ಮಿನಿಟು ಉತ್ತರಕ್ಕಿದೆ. ಮೇ ತಿಂಗಳ ಕೊನೆಯಲ್ಲಿ ರಾತ್ರಿ ಹತ್ತರ ಸುಮಾರಿಗೆ ತಲೆಯ ಮೇಲೆ ಹಾದುಹೋಗುತ್ತದೆ. ಪಾಲಿಟೆಕ್ನಿಕ್ ವಿದ್ಯಾರ್ಥಿಗಳು ಜಮೀನು ಅಳೆಯಲು ಬಳಸುವ ಥಿಯೋಡೊಲೈಟನ್ನು ಮಟ್ಟ ಮಾಡಿ, ಅದರ ದುರ್ಬೀನನ್ನು ಉತ್ತರ-ದಕ್ಷಿಣಕ್ಕೆ ನಿಲ್ಲಿಸಿ, ನಕ್ಷತ್ರ ನಡುಗೆರೆ ದಾಟುವಾಗ ಕೋನ ಓದಬೇಕು. (ನೆತ್ತಿಯ ಕಡೆ ನೋಡಲು ಬಾಗಿದ ಕಣ್ಣುಗೊಳವೆ ಬೇಕಾಗುತ್ತದೆ.) ಬೀದರ್‌ನಲ್ಲಿ ಸ್ವಾತಿ ನೆತ್ತಿಯಿಂದ 1 ಡಿಗ್ರಿ 8 ಮಿನಿಟು ಉತ್ತರಕ್ಕೆ ಕಾಣುತ್ತದೆ. 19 ಡಿಗ್ರಿ 3 ಮಿನಿಟಿನಲ್ಲಿ ಅದನ್ನು ಕಳೆದರೆ 17 ಡಿಗ್ರಿ 55 ಮಿನಿಟು. ಔರಾದ್‌ನಲ್ಲಾದರೆ ಅಂತರ 48 ಮಿನಿಟು ಮಾತ್ರ. ನೆತ್ತಿಯ ಹತ್ತಿರ ಬೆಳಕು ಬಾಗುವ ತೊಂದರೆ ಇಲ್ಲವೆಂದೇ ಹೇಳಬಹುದು. ಯಂತ್ರದ ದೋಷ ಕಳೆಯಲು ಮರುದಿನ ಅದರ ಮುಖ ತಿರುಗಿಸಿ ಮತ್ತೊಮ್ಮೆ ಅಳೆದು ಸರಾಸರಿ ತೆಗೆಯಬೇಕು.

ಈ ಕೆಲಸ ಈ ಸೀಮೆಗೆ ಹೊಸದಲ್ಲ. ಮದ್ರಾಸಿನಲ್ಲಿ 1802ರಲ್ಲಿ ಆಧಾರರೇಖೆ ಅಳೆದು ಮಹಾ ತ್ರಿಕೋನಮಿತಿ ಸರ್ವೆ ಆರಂಭಿಸಿದ ವಿಲಿಯಂ ಲ್ಯಾಂಬ್ಟನ್, 1815ರಲ್ಲಿ ಬೀದರ್ ಬಳಿ ಇನ್ನೊಂದು ಆಧಾರರೇಖೆ ಅಳೆದರು. ನಾರಾಯಣಖೇಡದ ಕಡೆಯ ದಾಮರಗಿದ್ದ ನಕ್ಷತ್ರ ವೀಕ್ಷಣೆಯ ಠಾಣೆಯಾಯಿತು. 1956ರವರೆಗೆ ಬೀದರ್ ಜಿಲ್ಲೆಗೇ ಸೇರಿದ್ದ ಆ ತಾಲ್ಲೂಕು ಈಗ ತೆಲಂಗಾಣದಲ್ಲಿದೆ. ಠಾಣೆಯ ಅಕ್ಷಾಂಶ 18 ಡಿಗ್ರಿ 3 ಮಿನಿಟು, ಹೆಚ್ಚುಕಡಿಮೆ ಭಾಲ್ಕಿಯದೇ! 1840-41ರಲ್ಲಿ ಇಲ್ಲಿ ಆಂಡ್ರ್ಯೂ ವಾ, ಮಧ್ಯಪ್ರದೇಶದ ಕಲ್ಯಾಣಪುರದಲ್ಲಿ ಜಾರ್ಜ್ ಎವರೆಸ್ಟ್ ಅವೇ ನಕ್ಷತ್ರಗಳನ್ನು ಅದೇ ಕಾಲದಲ್ಲಿ ಅಳೆದರು. ನಕ್ಷತ್ರದ ಸ್ಥಾನದಲ್ಲಿ ತಪ್ಪಿದ್ದರೆ ಅದು ಎರಡೂ ಕಡೆ ಒಂದೇ ಆಗಿರುತ್ತದೆ, ಕಳೆದಾಗ ಹೊರಟುಹೋಗುತ್ತದೆ. 1841ರಲ್ಲಿ ವಾ ಬೀದರ್‌ನ ಆಧಾರರೇಖೆಯನ್ನೂ ಮತ್ತೆ ಅಳೆದರು. ಉತ್ತರದಿಂದ ತ್ರಿಕೋನಗಳ ಮೂಲಕ ಲೆಕ್ಕ ಹಾಕಿದ್ದ ಉದ್ದಕ್ಕೂ ಅಳತೆಗೂ ಇದ್ದ ವ್ಯತ್ಯಾಸ ಅರ್ಧ ಅಡಿಗಿಂತ ಕಡಿಮೆ.

ಇಷ್ಟು ಎಚ್ಚರ ವಹಿಸಿದರೂ ಕಲ್ಯಾಣಪುರಕ್ಕೂ ಅದರ ಉತ್ತರದ ಕಲಿಯಾನಾ ಠಾಣೆಗೂ ನಡುವೆ ನಕ್ಷತ್ರದ ಲೆಕ್ಕ ಮತ್ತು ನೆಲದ ಲೆಕ್ಕ 5.24 ಸೆಕೆಂಡು, ಅಂದರೆ ಸುಮಾರು 160 ಮೀಟರು, ಹೊಂದಲಿಲ್ಲ. ತಪ್ಪು ಯಾರದು? ನೆತ್ತಿ ಎಲ್ಲಿದೆ ಎಂದು ಹೇಳುವುದು ತೂಗುಗುಂಡು. ಹಿಮಾಲಯ ಆ ಗುಂಡನ್ನೇ ತನ್ನತ್ತ ಸೆಳೆಯುತ್ತದೆ ಎಂದು ಕಲ್ಕತ್ತೆಯ ಪಾದ್ರಿ ಜಾನ್ ಪ್ರ್ಯಾಟ್ 1855ರಲ್ಲಿ ಲೆಕ್ಕ ಹಾಕಿದರು. ಲೆಕ್ಕದಂತೆ ಸೆಳೆತ ಮೂರು ಪಟ್ಟು ಇರಬೇಕಿತ್ತು. ಹಾಗಾದರೆ ಪರ್ವತದ ಬುಡದಲ್ಲಿ ಹಗುರ ಶಿಲೆ ಆಳಕ್ಕೆ ಇಳಿದಿರಬೇಕು ಎಂದರು ಜಾರ್ಜ್ ಏರಿ. ಬೆಟ್ಟಕ್ಕೂ ಬೇರುಂಟೆಂಬ ತಿಳಿವಳಿಕೆ ಬಂದದ್ದು ಅಳತೆಯ ತಪ್ಪನ್ನು ಮುಚ್ಚಿಡದೆ ಬರೆದಿಟ್ಟಿದ್ದರಿಂದ.

ಕೋನಮಾಪಕಕ್ಕೆ ದಾರ ಕಟ್ಟಿ ಕಲ್ಲು ತೂಗುಬಿಟ್ಟು ಮಾಳಿಗೆಯ ಮೇಲೆ ಧ್ರುವ ನಕ್ಷತ್ರ ಅಳೆಯುವ ಮಗುವಿಗೆ 18 ಡಿಗ್ರಿ ಸಿಕ್ಕೀತು, ಅರ್ಧ ಡಿಗ್ರಿ ಹೆಚ್ಚುಕಡಿಮೆ. ಅರ್ಧ ಡಿಗ್ರಿ ಎಂದರೆ 55 ಕಿಲೋಮೀಟರು. ಆ ಸಾಧನಕ್ಕೆ ಬೀದರ್, ಭಾಲ್ಕಿ, ಔರಾದ್ ಮೂರೂ ಒಂದೇ ಊರು. ಮೊಬೈಲ್ ನೋಡಿ ಉತ್ತರ ತಿದ್ದಿಕೊಳ್ಳಲು ಹೇಳುವ ಬದಲು, ಆ ಅರ್ಧ ಡಿಗ್ರಿಯನ್ನೂ ವಹಿಯಲ್ಲಿ ಬರೆಯಲು ಹೇಳುವುದು ಹೆತ್ತವರು ಮಾಡಬಹುದಾದ ಉಪಕಾರ.